ಯಾರೂ ಒತ್ತಾಯ ಮಾಡದ ಊಟ

ನನ್ನದೊಂದು ದೌರ್ಬಲ್ಯವನ್ನು ಮೊದಲೇ ಹೇಳಿಬಿಡುತ್ತೇನೆ. ಬೇಕಾದದ್ದನ್ನು ಬೇಕು ಎನ್ನಲು ನನಗೆ ಬರುವುದಿಲ್ಲ. "ಕಾಫಿ ತಗೋತೀರಾ?" ಎಂದು ಯಾರಾದರೂ ಕೇಳಿದರೆ ಒಳಗೆಲ್ಲ ಹೌದು ಹೌದು ಎಂದು ಕುಣಿಯುತ್ತಿರುವಾಗಲೇ ಬಾಯಿ ಮಾತ್ರ "ಅಯ್ಯೋ, ಯಾಕೆ ಸುಮ್ನೆ ತೊಂದರೆ, ಈಗ ತಾನೇ ಆಯ್ತು" ಎನ್ನುತ್ತದೆ. ಇದನ್ನು ಸುಳ್ಳು ಎನ್ನಬೇಡಿ. ನಮ್ಮ ಮೈಸೂರಿನಲ್ಲಿ ಇದಕ್ಕೆ ಮರ್ಯಾದೆ ಎಂದು ಹೆಸರು. ಮೊದಲನೆಯ "ಬೇಡ" ನಮಸ್ಕಾರವಿದ್ದ ಹಾಗೆ, ಅದಕ್ಕೆ ಅರ್ಥವಿಲ್ಲ. ಎರಡನೆಯದಕ್ಕೆ "ಇನ್ನೊಂದು ಸಲ ಕೇಳಿ" ಎಂದರ್ಥ. ಮೂರನೆಯದನ್ನು ಎಲೆಯ ಮೇಲೆ ಕೈ ಅಡ್ಡ ಹಿಡಿದು ಹೇಳಿದರೆ ಅದು ನಿಜವಿದ್ದರೂ ಇರಬಹುದು. ನಮ್ಮಮ್ಮ ಆ ಮೂರನೆಯದನ್ನೂ ನಂಬುತ್ತಿರಲಿಲ್ಲ. ಅಡ್ಡ ಹಿಡಿದ ಬೆರಳುಗಳ ಸಂದಿಯಲ್ಲೇ ಗುರಿಯಿಟ್ಟು ಬಿಸಿ ಸಾರು ಬಿಡುತ್ತಿದ್ದಳು. ಕೈ ತಾನಾಗಿ ಹಿಂದಕ್ಕೆ ಬರುತ್ತಿತ್ತು, ಆ ಜಾಗಕ್ಕೆ ಒಂದು ಸೌಟು ಅನ್ನ ಬೀಳುತ್ತಿತ್ತು. ನಾನು ಮುಖ ಗಂಟಿಕ್ಕಿಕೊಂಡು, "ಏನಮ್ಮಾ ನೀನು" ಎಂದು ಗೊಣಗುತ್ತಾ, ಒಳಗೊಳಗೇ ಹಿಗ್ಗುತ್ತಾ ಉಣ್ಣುತ್ತಿದ್ದೆ.

ಇಂಥವನು ಹೊಟ್ಟೆಪಾಡಿಗೆಂದು ಟೋಕಿಯೋಗೆ ಬಂದು, ಗ್ಯೋಟೋಕುವಿನಲ್ಲಿ ಮನೆ ಹಿಡಿದು, ಆಫೀಸಿನಲ್ಲಿ ಪಕ್ಕದ ಡಿಪಾರ್ಟ್‌ಮೆಂಟಿನ ಮಿಹೋಳನ್ನು ಮದುವೆಯಾದೆ. ಅವಳ ಮನೆಯವರಿಗೆ ಪ್ರಹ್ಲಾದ ಎನ್ನಲು ನಾಲಗೆ ಹೊರಳದೆ "ಪುರಾಹುರಾದಾ" ಎಂದು ಶುರುವಾಗಿ, ಕೊನೆಗೆ "ಪುರಾ-ಸಾನ್", ಅಂದರೆ ಪುರಾ ಅವರೇ, ಎಂದು ನಿಂತಿದೆ. ಅದಕ್ಕೆ ನನಗೆ ಬೇಸರವಿಲ್ಲ. ನನ್ನ ಬೇಸರವೆಲ್ಲ ಊಟದ್ದು. ಮಿಹೋ ಮನೆಯಲ್ಲಿ ಬೇಡ ಅಂದರೆ ಬೇಡವೇ. ಒಂದೇ ಸಲ ಕೇಳುತ್ತಾರೆ. "ಕೆಕ್ಕೋ ದೆಸ್", ಅಂದರೆ ಸಾಕು, ಎಂದು ನಾನು ಸೌಜನ್ಯಕ್ಕೆ ಹೇಳಿ ಮುಗಿಸುವಷ್ಟರಲ್ಲಿ ಪಾತ್ರೆಯ ಮುಚ್ಚಳ ಮುಚ್ಚಿರುತ್ತದೆ. ಮದುವೆಯಾಗಿ ಐದು ವರ್ಷ ಇದನ್ನು ಹೇಗೋ ನಿಭಾಯಿಸಿದೆ. ಅತ್ತೆಮನೆ ಇರುವುದು ಸೈತಾಮಾದಲ್ಲಿ, ರೈಲಿನ ದಾರಿ. ಊಟ ಮುಗಿಸಿ, ತಲೆಬಾಗಿ ಹೊರಟವನು ನಿಲ್ದಾಣದ ಪಕ್ಕದ ಕೊಂಬಿನಿಗೆ, ಅಂದರೆ ಹಗಲೂ ರಾತ್ರಿ ತೆರೆದಿರುವ ಅಂಗಡಿಗೆ, ನುಗ್ಗಿ ಎರಡು ಬನ್ನು ತಿಂದರೆ ಆಯಿತು. ಮಿಹೋ ಅದನ್ನು ನನ್ನ ಬನ್ನಿನ ಚಟ ಎಂದೇ ತಿಳಿದಿದ್ದಳು.

ಈ ವರ್ಷ ಎಲೆಗಳು ಕೆಂಪಾಗುವ ಕಾಲಕ್ಕೆ ಮಾವನವರಿಗೆ ಒಂದು ಯೋಚನೆ ಬಂತು. ಅವರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು, ವರ್ಷಕ್ಕೊಂದು ಯೋಚನೆ ಮಾಡುತ್ತಾರೆ, ಮಾಡಿದ ಮೇಲೆ ಬದಲಾಯಿಸುವುದಿಲ್ಲ. ನಗಾನೋದ ಬೆಟ್ಟದ ಹಳ್ಳಿಯೊಂದರಲ್ಲಿ ಹಳೇ ರೈತರ ಮನೆಯನ್ನು ಮೂರು ದಿನಕ್ಕೆ ಬಾಡಿಗೆಗೆ ಹಿಡಿದರು. ನಾವು ನಾಲ್ಕೇ ಜನ: ಮಾವ, ಅತ್ತೆ, ಮಿಹೋ, ನಾನು. ಅತ್ತೆಯೇ ಅಡುಗೆ ಮಾಡುವುದು. ಅವರ ಕಾರಿನ ಹಿಂದಿನ ಸೀಟಿನಲ್ಲಿ ತರಕಾರಿ ಬುಟ್ಟಿಗಳ ನಡುವೆ ಕೂತು ನಾಲ್ಕು ಗಂಟೆ ಪ್ರಯಾಣ ಮಾಡಿದೆ. ಕೊನೆಯ ಕೊಂಬಿನಿ ಹಿಂದೆ ಸರಿದು ಹೋದದ್ದನ್ನು ನಾನು ಕತ್ತು ತಿರುಗಿಸಿ ನೋಡಿದೆ. ಅಲ್ಲಿಂದ ಮುಂದೆ ಹನ್ನೆರಡು ಕಿಲೋಮೀಟರ್ ಬರೀ ಬೆಟ್ಟ.

ಊರು ಚೆನ್ನಾಗಿತ್ತು ಎಂಬುದನ್ನು ನಾನು ಹಸಿದವನಾಗಿಯೂ ಒಪ್ಪಿಕೊಳ್ಳಬೇಕು. ಕೊಯ್ಲು ಮುಗಿದ ಗದ್ದೆಗಳು ಬೆಟ್ಟದಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದ್ದವು. ಎಲೆಯೆಲ್ಲ ಉದುರಿದ ಮರಗಳಲ್ಲಿ ಕಿತ್ತಳೆ ಬಣ್ಣದ ಕಾಕಿ ಹಣ್ಣುಗಳಷ್ಟೇ ಉಳಿದಿದ್ದವು. ಮಧ್ಯಾಹ್ನದ ಊಟಕ್ಕೆ ಅತ್ತೆ ಚೆಸ್ಟ್‌ನಟ್ ಹಾಕಿದ ಅನ್ನ, ಸಿಹಿಗುಂಬಳದ ತೆಂಪುರಾ, ಅಣಬೆಯ ಸಾರು ಮಾಡಿದ್ದರು. ತೆಂಪುರಾ ಎಂದರೆ ನಮ್ಮ ಬಜ್ಜಿಗೆ ಬಡಕಲು ತಂಗಿ. ಸಾರಿಗೆ ಮೀನಿನ ಬದಲು ಕಡಲಪಾಚಿಯನ್ನು ಹಿಂದಿನ ದಿನವೇ ನೆನೆಸಿ ತಂದಿದ್ದರು, ಮೀನು ಮಾಂಸ ಮುಟ್ಟದ ನನಗೋಸ್ಕರ. ಒಂದು ಬಟ್ಟಲು ಮುಗಿಯಿತು. "ಪುರಾ-ಸಾನ್, ಇನ್ನೂ ಸ್ವಲ್ಪ?" ಎಂದರು ಅತ್ತೆ. ಸೌಟು ಅವರ ಕೈಯಲ್ಲೇ ಇತ್ತು. ನನ್ನ ದರಿದ್ರ ಬಾಯಿ "ಕೆಕ್ಕೋ ದೆಸ್" ಎಂದಿತು. ಸೌಟು ಒಂದು ಕ್ಷಣ ಗಾಳಿಯಲ್ಲಿ ನಿಂತಿತು. ಅತ್ತೆ ಒಮ್ಮೆ ಮಿಹೋ ಕಡೆ ನೋಡಿದರು. ಆಮೇಲೆ ಮುಚ್ಚಳ ಮುಚ್ಚಿದರು.

ರಾತ್ರಿ ಊಟಕ್ಕೂ ಅದೇ ಕಥೆ. ಮರುದಿನ ಬೆಳಿಗ್ಗೆ ನಾನು ಬಚ್ಚಲಿನಲ್ಲಿ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದೆ. "ಹಾಯ್, ಒನೆಗಾಯ್ ಶಿಮಾಸ್." ಹೌದು, ದಯವಿಟ್ಟು ಹಾಕಿ. ಎಷ್ಟು ಸಣ್ಣ ವಾಕ್ಯ! ಆಫೀಸಿನಲ್ಲಿ ಮೂವತ್ತು ಜನರೆದುರು ಜಪಾನಿ ಭಾಷೆಯಲ್ಲಿ ಪ್ರೆಸೆಂಟೇಷನ್ ಕೊಡುವವನಿಗೆ ಇದೇನು ಮಹಾ! ತಿಂಡಿಗೆ ಕೂತೆ. ಅತ್ತೆ ಅನ್ನದ ಪಾತ್ರೆ ಮುಟ್ಟಿ, "ಪುರಾ-ಸಾನ್?" ಎಂದರು. ನಾನು "ಹಾಯ್" ಎಂದೆ. ಎಲ್ಲರೂ ನನ್ನ ಮುಖ ನೋಡಿದರು. ನನ್ನ ಪೂರ್ವಿಕರೆಲ್ಲ ಹೊಟ್ಟೆಬಾಕ ಎಂದು ಕೂಗಿದಂತಾಗಿ, "ಹಾಯ್, ಕೆಕ್ಕೋ ದೆಸ್" ಎಂದು ಮುಗಿಸಿಬಿಟ್ಟೆ.

ತಿಂಡಿಯಾದ ಮೇಲೆ ತಿರುಗಾಡಿ ಬರುತ್ತೇನೆಂದು ಒಬ್ಬನೇ ಹೊರಟೆ. ಗದ್ದೆಯ ಬದುವಿನ ಮೇಲೆ ನಡೆಯುತ್ತಾ ಅಮ್ಮನ ನೆನಪಾಯಿತು. ಅವಳು ಹೋಗಿ ಎರಡು ವರ್ಷವಾಯಿತು. ಅವಳಿದ್ದಾಗ ಕೊನೆಯ ಸಲ ನಾನು ಮೈಸೂರಿಗೆ ಹೋದಾಗ ಅವಳಿಗೆ ನಿಲ್ಲಲು ಶಕ್ತಿಯಿರಲಿಲ್ಲ. ಆದರೂ ನಾನು ಊಟಕ್ಕೆ ಕೂತೊಡನೆ ಕುರ್ಚಿ ಹಿಡಿದುಕೊಂಡು ಬಂದು ಬಡಿಸಲು ನಿಂತಳು. ಒಂದು ಸಲ ಹುಳಿ ಬಡಿಸಿದಳು. ಎರಡನೆಯ ಸಲಕ್ಕೆ ನಾನು ಅಭ್ಯಾಸಬಲದಿಂದ "ಸಾಕಮ್ಮ" ಎಂದೆ. "ಸಾಕಾ? ಸರಿ ಕಣೋ" ಎಂದು ಸೌಟನ್ನು ಪಾತ್ರೆಯೊಳಗೆ ಬಿಟ್ಟು ಕುರ್ಚಿಯಲ್ಲಿ ಕೂತುಬಿಟ್ಟಳು. ಹುಟ್ಟಿದಾಗಿನಿಂದ ನನ್ನ ಮಾತನ್ನು ಅವಳು ನಂಬಿದ್ದು ಅದೊಂದೇ ಸಲ. ಹೊಟ್ಟೆಯಲ್ಲಿ ಇನ್ನೂ ಜಾಗವಿತ್ತು. ಎದ್ದು ಕೈ ತೊಳೆದುಕೊಂಡೆ.

ಹೀಗೆ ಯೋಚಿಸುತ್ತಾ ಹಿಂದಿರುಗುವಾಗ "ಓಯ್" ಎಂದು ಯಾರೋ ಕರೆದರು. ಪಕ್ಕದ ಮನೆಯ ಜಗುಲಿಯಲ್ಲಿ ಸುಮಿ-ಸಾನ್ ಕೂತಿದ್ದರು. ನಮಗೆ ಮನೆ ಬಾಡಿಗೆಗೆ ಕೊಟ್ಟ ಒಡತಿ ಅವರೇ. ಎಪ್ಪತ್ತೈದು ದಾಟಿದ ಹೆಂಗಸು, ಸೊಂಟ ಬಾಗಿದ್ದರೂ ದನಿ ಬಾಗಿರಲಿಲ್ಲ. ಎದುರಿಗೆ ಹೊಗೆಯಾಡುವ ಬುಟ್ಟಿ. "ಬಾ, ಕೂತ್ಕೋ" ಎಂದವರು ನನ್ನ ಕೈಗೊಂದು ತಟ್ಟೆ ಕೊಟ್ಟು, ಅದರ ಮೇಲೊಂದು ಒಯಾಕಿ ಇಟ್ಟರು. ಒಯಾಕಿ ಆ ಕಡೆಯ ತಿಂಡಿ. ಗೋಧಿಹಿಟ್ಟಿನ ಕಣಕದೊಳಗೆ ಹೂರಣ ತುಂಬಿ ಬೇಯಿಸಿದ್ದು. ಮೊದಲನೆಯದರೊಳಗೆ ಸೊಪ್ಪಿತ್ತು. ಮುಗಿಯುತ್ತಿದ್ದಂತೆ ಎರಡನೆಯದು ಬಂತು. "ಕೆಕ್ಕೋ ದೆಸ್" ಎಂದೆ.

"ತಿನ್ನು" ಎಂದರು ಸುಮಿ-ಸಾನ್.

ಅದರೊಳಗೆ ಬದನೆಕಾಯಿ. ಮೂರನೆಯದು ಬಂದಾಗ "ಇಲ್ಲ, ನಿಜವಾಗಲೂ ಸಾಕು" ಎಂದೆ. "ಇಷ್ಟುದ್ದ ಗಂಡಸು ನೀನು, ಎರಡಕ್ಕೆ ಸಾಕಾಗುತ್ತಾ? ತಿನ್ನು ಅಂದ್ರೆ ತಿನ್ನು." ಅದೂ ಹೋಯಿತು. ನಾಲ್ಕನೆಯದಕ್ಕೆ ನಾನು ತಟ್ಟೆಗೆ ಕೈ ಅಡ್ಡ ಹಿಡಿದೆ. ಆ ಮಹಾತಾಯಿ ಬಿಸಿ ಒಯಾಕಿಯನ್ನು ತೆಗೆದು ನನ್ನ ಅಂಗೈಯ ಹಿಂಭಾಗದ ಮೇಲೇ ಇಟ್ಟುಬಿಟ್ಟರು. ಕೈ ಸರಕ್ಕನೆ ಹಿಂದೆ ಬಂತು, ಒಯಾಕಿ ತಟ್ಟೆಗೆ ಬಿತ್ತು. ಕಚ್ಚಿದೆ. ಒಳಗೆ ಕೆಂಪು ಅವರೆಯ ಸಿಹಿ ಹೂರಣ. ಬೆಲ್ಲ ಸ್ವಲ್ಪ ಕಡಿಮೆ, ಏಲಕ್ಕಿ ಇಲ್ಲವೇ ಇಲ್ಲ, ಆದರೂ ಕಡುಬೇ. ಬಾಯಿತುಂಬ ಹೂರಣ ಇಟ್ಟುಕೊಂಡು, ಪರದೇಶದ ಜಗುಲಿಯೊಂದರ ಮೇಲೆ, ನಲವತ್ತು ಮುಟ್ಟುತ್ತಿರುವ ಗಂಡಸು ನಾನು ಗಳಗಳ ಅತ್ತುಬಿಟ್ಟೆ.

ಸುಮಿ-ಸಾನ್ ಗಾಬರಿಯಾದರು. ಕೈ ಸುಟ್ಟಿತೆಂದು ತಿಳಿದು, "ಅಯ್ಯೋ, ನಿಮ್ಮ ಅಳಿಯನ ಕೈ ಸುಟ್ಟುಬಿಟ್ಟೆ, ಬನ್ನಿ" ಎಂದು ಬೆಟ್ಟಕ್ಕೇ ಕೇಳುವಂತೆ ಕೂಗಿದರು. ಅತ್ತೆ ಸೌಟು ಹಿಡಿದೇ ಓಡಿ ಬಂದರು. ಹಿಂದೆ ಮಿಹೋ, ಅವಳ ಹಿಂದೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೊಂದಿಗೆ ಮಾವ. ನನ್ನ ಕೈಯನ್ನು ನಾಲ್ಕೂ ಜನ ತಿರುಗಿಸಿ ತಿರುಗಿಸಿ ನೋಡಿದರು. ಗಾಯವಿಲ್ಲ. "ಮತ್ತೆ ಯಾಕೆ ಅಳ್ತಿದ್ದೀಯ?" ಎಂದಳು ಮಿಹೋ.

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಬಂದಷ್ಟು ಜಪಾನಿಯಲ್ಲಿ, ಬಾರದ ಕಡೆ ಮಿಹೋಳ ಸಹಾಯ ಪಡೆದು, ಎಲ್ಲವನ್ನೂ ಹೇಳಿದೆ. ನಮ್ಮ ಕಡೆ ಬೇಡ ಎಂದರೆ ಏನು, ಅಮ್ಮ ಹೇಗೆ ಬಡಿಸುತ್ತಿದ್ದಳು, ನಾನು ನಿನ್ನೆಯಿಂದ ಹೇಗೆ ಹಸಿದಿದ್ದೇನೆ, ಎಲ್ಲವನ್ನೂ. ಅತ್ತೆ ಸೌಟನ್ನು ಎದೆಗೆ ಒತ್ತಿಕೊಂಡು ಕೇಳಿದರು. ಆಮೇಲೆ ಮೆಲ್ಲನೆ, "ನನ್ನ ಅಡುಗೆ ನಿಮಗೆ ಸೇರುವುದಿಲ್ಲ ಅಂತ ಐದು ವರ್ಷದಿಂದ ಅಂದುಕೊಂಡಿದ್ದೆ" ಎಂದರು. "ಸಸ್ಯಾಹಾರದ ಅಡುಗೆ ಕಲಿಯೋಕೆ ಕ್ಲಾಸಿಗೆ ಕೂಡ ಹೋದೆ. ಪ್ರತಿ ಸಲವೂ ಇನ್ನೊಂದು ಬಟ್ಟಲು ಹಾಕೋಣ ಅಂತ ಕೈ ಬರ್ತಿತ್ತು. ಆದರೆ ಮಿಹೋ ಬೇಡ ಅಂತ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು."

ಎಲ್ಲರೂ ಮಿಹೋ ಕಡೆ ತಿರುಗಿದೆವು. ಅವಳು ಕೆಂಪಾದಳು. "ಮೈಸೂರಿನಲ್ಲಿ ಮದುವೆಯಾದಾಗ ನನಗೇನಾಯ್ತು ನೆನಪಿದೆಯಾ?" ಎಂದು ಕೇಳಿದಳು. ನೆನಪಿತ್ತು. ನನ್ನ ಸೋದರತ್ತೆಯರು ಮೂವರೂ ಸೇರಿ ಅವಳಿಗೆ ಒಂದೇ ಊಟದಲ್ಲಿ ಏಳು ಹೋಳಿಗೆ ತಿನ್ನಿಸಿದ್ದರು. ಅವಳು ಸಾಕು ಎಂಬ ಕನ್ನಡ ಪದವನ್ನು ಅಂದೇ ಕಲಿತು, ಕೈಮುಗಿದು ಹೇಳಿದಷ್ಟೂ "ನೋಡ್ರೇ, ಎಷ್ಟು ಮುದ್ದಾಗಿ ಕನ್ನಡ ಮಾತಾಡ್ತಾಳೆ" ಎಂದು ಇನ್ನೊಂದು ಬಡಿಸಿದ್ದರು. ಎರಡು ದಿನ ಅವಳು ಹಾಸಿಗೆ ಬಿಟ್ಟು ಎದ್ದಿರಲಿಲ್ಲ. "ಆವತ್ತೇ ಅಂದ್ಕೊಂಡೆ" ಎಂದಳು ಮಿಹೋ. "ಪಾಪ, ಇವನು ಹುಟ್ಟಿದಾಗಿನಿಂದ ಈ ಹಿಂಸೆ ಅನುಭವಿಸಿದ್ದಾನೆ, ನಮ್ಮ ಮನೆಯಲ್ಲಾದರೂ ನೆಮ್ಮದಿಯಾಗಿ ಊಟ ಮಾಡಲಿ ಅಂತ."

ಮಾವ ಪೆಟ್ಟಿಗೆಯನ್ನು ಮುಚ್ಚುತ್ತಾ, "ನಾನು ಇವರು ಡಯಟ್ ಮಾಡ್ತಿದ್ದಾರೆ ಅಂತ ತಿಳಿದಿದ್ದೆ. ಆದರೆ ಲೆಕ್ಕ ಕೂಡುತ್ತಿರಲಿಲ್ಲ" ಎಂದು ನನ್ನ ಹೊಟ್ಟೆಯ ಕಡೆ ನೋಡಿದರು. ಬನ್ನಿನ ವಿಷಯ ಅವರಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆ ನನ್ನ ಪಕ್ಕ ಮಂಡಿಯೂರಿದರು. ಬಟ್ಟಲು ಖಾಲಿಯಾಯಿತು. ಅವರು ಬೆನ್ನು ನೆಟ್ಟಗೆ ಮಾಡಿ, "ಪುರಾ-ಸಾನ್, ಕ್ಷಮಿಸಬೇಕು, ಈಗ ನಾನು ಒತ್ತಾಯ ಮಾಡುತ್ತೇನೆ" ಎಂದು ತಲೆಬಾಗಿ ಅನ್ನ ಹಾಕಿದರು. ಮುಂಚಿತವಾಗಿ ತಿಳಿಸಿ ಮಾಡುವ ಒತ್ತಾಯವನ್ನು ನಾನು ಜೀವನದಲ್ಲಿ ಮೊದಲ ಸಲ ನೋಡಿದ್ದು. ಇಲ್ಲಿ ಒಂದು ಸಣ್ಣ ಸಂಗತಿ ಹೇಳಬೇಕು. ಅಷ್ಟು ಹೊತ್ತಿಗೆ ನನ್ನ ಹೊಟ್ಟೆಯಲ್ಲಿ ಆರು ಒಯಾಕಿಗಳಿದ್ದವು. ಸುಮಿ-ಸಾನ್ ಗಾಬರಿ ಇಳಿದ ಮೇಲೆ ಸಮಾಧಾನಕ್ಕೆಂದು ಇನ್ನೆರಡು ತಿನ್ನಿಸಿದ್ದರು. "ಬೇಡ" ಎಂದೆ, ಹೃದಯಪೂರ್ವಕವಾಗಿ. ಅತ್ತೆಯ ಮುಖ ಅರಳಿತು. ಇನ್ನೊಂದು ಸೌಟು ಬಿತ್ತು. ನಾನು ಉಂಡೆ. ಐದು ವರ್ಷ ಹಿಡಿದಿಟ್ಟ ಕೈ ಅದು, ಹೇಗೆ ತಡೆಯಲಿ?

ಮೂರನೆಯ ದಿನ ಬೆಳಿಗ್ಗೆ ಹೊರಡುವ ಮುಂಚೆ ಮಾವ ಬಾಗಿಲು ಕಿಟಕಿಗಳನ್ನೆಲ್ಲ ಎರಡೆರಡು ಸಲ ಪರೀಕ್ಷಿಸುತ್ತಿದ್ದರು. ಮಿಹೋ ಮತ್ತು ನಾನು ಅಂಗಳದ ಕಲ್ಲುಗೋಡೆಯ ಮೇಲೆ ಕೂತಿದ್ದೆವು. ಕೆಳಗಿನ ಗದ್ದೆಗಳಿಂದ ಮಂಜು ಏಳುತ್ತಿತ್ತು. ಮಿಹೋ ಅದನ್ನೇ ನೋಡುತ್ತಾ ಹೇಳಿದಳು: "ನಿನ್ನ ಅಮ್ಮ ಹೋದರು ಅಂತ ಫೋನ್ ಬಂದಾಗ, ನಾನೂ ಬರಲಾ ಅಂತ ಕೇಳಿದ್ದೆ. ನೀನು ಬೇಡ ಅಂದೆ."

"ಹೌದು" ಎಂದೆ. "ನಿನಗೆ ರಜೆ ಸಿಗೋದು ಕಷ್ಟ ಅಂತ..."

"ನಾನು ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡೇ ಕೇಳಿದ್ದು. ನೀನು ಬೇಡ ಅಂದೆ, ನಾನು ಅದನ್ನು ಒಳಗಿಟ್ಟೆ. ನಿನಗೆ ಒಬ್ಬನೇ ಇರಬೇಕೇನೋ ಅಂದ್ಕೊಂಡೆ." ಅವಳು ನನ್ನ ಕಡೆ ತಿರುಗಿದಳು. "ನಾನು ಬರಬೇಕಿತ್ತಾ?"

ಆ ಸಲ ಮೈಸೂರಿನಲ್ಲಿ ಹದಿಮೂರು ದಿನವೂ ನೆಂಟರು "ಹೆಂಡತಿ ಬರಲಿಲ್ವಾ?" ಎಂದು ಕೇಳಿದಾಗಲೆಲ್ಲ "ಅವಳಿಗೆ ಕೆಲಸ ಜಾಸ್ತಿ" ಎಂದಿದ್ದೆ. ಹಾಗೆನ್ನುವಾಗ ಅವಳ ಮೇಲೆ ಒಂದು ಸಣ್ಣ ಕೋಪ ಹುಟ್ಟಿತ್ತು. ಒಂದೇ ಒಂದು ಸಲ, ಇನ್ನೊಮ್ಮೆ ಕೇಳಬಾರದಿತ್ತಾ? ಎರಡು ವರ್ಷ ಆ ಕೋಪವನ್ನು ಅವಳಿಗೆ ತಿಳಿಯದ ಹಾಗೆ ಸಾಕಿದ್ದೆ. ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡು ಕಾದವಳನ್ನು ಬೇಡ ಎಂದು ತಡೆದವನು ನಾನೇ.

"ಬರಬೇಕಿತ್ತು" ಎಂದೆ. ಅಷ್ಟು ಹೇಳಲು ಎಷ್ಟು ಹೊತ್ತಾಯಿತೆಂದರೆ, ಮಾವ ಕಿಟಕಿಗಳನ್ನು ಮುಗಿಸಿ ಬೀಗಕ್ಕೆ ಬಂದಿದ್ದರು.

ಮಿಹೋ ನನ್ನ ತೋಳಿಗೆ ಹಣೆ ಆನಿಸಿದಳು. "ಮುಂದಿನ ತಿಂಗಳು ಅಮ್ಮನ ತಿಥಿಗೆ ಹೋಗ್ತೀಯಲ್ಲ. ನಾನೂ ಬರಲಾ?"

ಬಾಯಿ ತೆರೆಯಿತು. ರಜೆ, ಪ್ರಯಾಣ, ಸುಮ್ಮನೆ ತೊಂದರೆ, ಎಲ್ಲವೂ ನಾಲಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು. ಎಲ್ಲವನ್ನೂ ನುಂಗಿ, "ಬಾ" ಎಂದೆ. ಸ್ವಲ್ಪ ಜೋರಾಗಿಯೇ ಬಂತು. ಕಾರಿನಲ್ಲಿ ಬುಟ್ಟಿ ಜೋಡಿಸುತ್ತಿದ್ದ ಅತ್ತೆ ತಲೆಯೆತ್ತಿ ನೋಡಿದರು.

"ನಿನ್ನ ಸೋದರತ್ತೆಯರು ಮತ್ತೆ ಹೋಳಿಗೆ ತಂದರೆ?"

"ಹೆದರಬೇಡ. ನಾನಿರ್ತೀನಲ್ಲ ಪಕ್ಕದಲ್ಲಿ" ಎಂದು ಎದೆಯುಬ್ಬಿಸಿ ಹೇಳಿದೆ. "ನಿನಗೆ ಬೇಡ ಅಂತ ನಾನೇ ಹೇಳ್ತೀನಿ."

ಮಿಹೋ ನನ್ನನ್ನು ಮರುಕದಿಂದ ನೋಡಿದಳು. "ನೀನು ಬೇಡ ಅಂದ್ರೆ ಅಲ್ಲಿ ಯಾರು ನಂಬ್ತಾರೆ?"