ಖಾಲಿಯಂತೆ ಕಾಣುವ ಗಾಜಿನ ಕೊಳವೆಗಳ ಕುರಿತು

ಕಾಲಮಾಪನ ಇಲಾಖೆ
ಸುತ್ತೋಲೆ ಸಂಖ್ಯೆ: ಕಾಮಾಇ/ಆವಿ/೦೭/ತಿದ್ದುಪಡಿ ೪

ವಿಷಯ: ದಾಸ್ತಾನು ಪರಿಶೀಲನೆಗೆ ಅಯೋಡಿನ್ ಆವಿಯು ಗೈರುಹಾಜರಾದ ಬಗ್ಗೆ.

ಉಲ್ಲೇಖ: ಗಾಜು ಊದುವ ನೌಕರರ (ಸಿಬ್ಬಂದಿ ಬಾಯಲ್ಲಿ 'ಊದಕ್ಕ') ಸಮಜಾಯಿಷಿ, ಚಹಾ ಕಲೆ ಸಹಿತ.

ಇಲಾಖೆಯ ಪರಮಾಣು ಗಡಿಯಾರವು ಲೇಸರ್ ಬೆಳಕಿನಿಂದ ನಡೆಯುತ್ತದೆ. ಆ ಬೆಳಕಿನ ಬಣ್ಣ ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಹಿಡಿದಿಡುವುದು ಮುಚ್ಚಿದ ಗಾಜಿನ ಕೊಳವೆಯೊಳಗಿನ ಅಯೋಡಿನ್ ಆವಿ. ಸದರಿ ಆವಿಯು ಕೊಳವೆಯಲ್ಲಿರುವಷ್ಟು ತೆಳುವಾಗಿದ್ದಾಗ ಕಣ್ಣಿಗೆ ಕಾಣುವುದಿಲ್ಲವೆಂದು ಯಾರೂ ಲಿಖಿತವಾಗಿ ತಿಳಿಸಿರುವುದಿಲ್ಲ.

೧. ಪರಿಶೀಲನಾಧಿಕಾರಿಗಳು ಕೊಳವೆಯನ್ನು ದೀಪಕ್ಕೆ ಹಿಡಿದು, ಅಲುಗಿಸಿ, ಏನೂ ಕಾಣದ ಕಾರಣ ನಿಯಮಾನುಸಾರ ತುದಿ ಮುರಿದು ನೋಡಿರುತ್ತಾರೆ. ಆಗಲೂ ಏನೂ ಕಂಡುಬಂದಿಲ್ಲ. ಇದರಿಂದ ದಾಸ್ತಾನು ಕೊರತೆ ಸಾಬೀತಾಗಿದೆ.

೨. ಆ ವೇಳೆ ಊದಕ್ಕ, "ಅಯ್ಯೋ ಸಾರ್, ಮುರೀಬೇಡಿ! ಒಳಗಿದೆ, ಕಾಣ್ಸಲ್ಲ ಅಷ್ಟೆ" ಎಂದು ಕೂಗಿದ್ದನ್ನು ಕರ್ತವ್ಯಕ್ಕೆ ಅಡ್ಡಿಯೆಂದು ಪರಿಗಣಿಸಲಾಗಿದೆ. "ಬುದ್ಧಿ ಇದೆಯಾ ಅಂತ ನಿಮ್ಮ ತಲೇನೂ ಹಿಂಗೇ ಮುರಿದು ನೋಡ್ತೀರಾ?" ಎಂಬ ಅವರ ಪ್ರಶ್ನೆಗೆ ಉತ್ತರಿಸಲು ಉಪಸಮಿತಿ ರಚಿಸಲಾಗಿದೆ.

೩. ಇನ್ನು ಮುಂದೆ ಆವಿಯು ಕಣ್ಣಿಗೆ ಕಾಣುವಂತೆ ಹಾಜರಿರತಕ್ಕದ್ದು. ತಪ್ಪಿದಲ್ಲಿ ಪ್ರತಿ ಅಣುವಿನಿಂದಲೂ ಪ್ರತ್ಯೇಕ ವಿವರಣೆ ಪಡೆಯಲಾಗುವುದು.

೪. ಆವಿ ಹೋದ ಮೇಲೆ ಲೇಸರ್ ಮನಸ್ಸಿಗೆ ಬಂದಂತೆ ಅಲೆಯುತ್ತಿದ್ದುದರಿಂದ ಅದರೆದುರು 'ಅಲೆಯಬಾರದು' ಎಂಬ ಫಲಕ ತೂಗುಹಾಕಲಾಯಿತು. ಫಲಕವು ಬೆಳಕಿಗೆ ಅಡ್ಡವಾಗಿ ಗಡಿಯಾರ ಪೂರ್ತಿ ನಿಂತಿದೆ. ಶಿಸ್ತು ಮೂಡಿದೆಯೆಂದು ದಾಖಲಿಸಲಾಗಿದೆ.

೫. ಕೊರತೆಗೆ ಹೊಣೆಯಾಗಿ ಊದಕ್ಕನನ್ನು ಅಮಾನತುಗೊಳಿಸಲಾಗಿದೆ. ಹತ್ತೊಂಬತ್ತು ವರ್ಷ ಅವರು ಕೊಳವೆಗಳಿಗೆ ಊದಿದ ಉಸಿರು ಇಲಾಖೆಯ ಸ್ವತ್ತಾಗಿದ್ದು, ಅದನ್ನು ಹಿಂದಿರುಗಿಸುವಂತೆ ಕೋರಲು ಅವಕಾಶವಿರುವುದಿಲ್ಲ.

೬. ಆದರೆ ಅಮಾನತು ಜಾರಿಯಾದ ಕ್ಷಣವನ್ನು ಸದರಿ ಗಡಿಯಾರದ ಪ್ರಕಾರವೇ ನಮೂದಿಸಬೇಕೆಂಬ ನಿಯಮವಿದೆ. ಇಂಥ ಕೊಳವೆ ಊದಬಲ್ಲವರು ಇಲಾಖೆಯಲ್ಲಿ ಅವರೊಬ್ಬರೇ. ಆದ್ದರಿಂದ ಅವರು ಕೂಡಲೇ ಬಂದು, ಹೊಸ ಕೊಳವೆ ಊದಿ, ಗಡಿಯಾರ ನಡೆಸಿಕೊಟ್ಟು, ಅನಂತರ ಅಮಾನತುಗೊಳ್ಳತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

೭. ಅವರು ಬಂದಿರುತ್ತಾರೆ. ಎಷ್ಟು ಹೊತ್ತು ಹಿಡಿಯುತ್ತದೆಂದು ವಿಚಾರಿಸಲಾಗಿ, "ಗಾಜು ನಿಮ್ಮ ಅವಸರಕ್ಕೆ ಬಗ್ಗಲ್ಲ ಸಾರ್. ಗಡಿಯಾರ ನೋಡ್ಕೊಂಡು ಕೂತಿರಿ" ಎಂದಿರುತ್ತಾರೆ. ಅದರಂತೆ ಇಲಾಖೆಯು ಕುಳಿತಿದೆ.

ಸಹಿ/
ಉಪ ನಿರ್ದೇಶಕರು (ಪ್ರಭಾರ), ಕ್ಷಣಗಳ ವಿಭಾಗ

ಪ್ರತಿಗಳು:
ಪರಿಶೀಲನಾಧಿಕಾರಿಗಳಿಗೆ: ಬಡ್ತಿ ಆದೇಶದೊಂದಿಗೆ, ಬೆರಳಿನ ಹೊಲಿಗೆ ಬಿಚ್ಚಿದ ನಂತರ.
ಅಯೋಡಿನ್ ಆವಿಗೆ: ವಿಳಾಸ ಪತ್ತೆಯಾಗದ ಕಾರಣ ಕೊಠಡಿಯ ಗಾಳಿಗೆ ಓದಿ ಹೇಳಲಾಗಿದೆ.
ಊದಕ್ಕನಿಗೆ: ಖುದ್ದಾಗಿ ತಲುಪಿಸಲಾಗಿದೆ. ಬರ್ನರ್ ಹೊತ್ತಿಸಲು ಬಳಸಿಕೊಂಡಿರುತ್ತಾರೆ.