ಕ್ರಮ ಸಂಖ್ಯೆ ನಲವತ್ತೊಂದು: ಕುಳಿತ ಹೆಂಗಸು

ಆಲ್ಡರ್ಸ್‌ಬಿ ಪಟ್ಟಣದ ಟೆಂಪರ್ಲಿ ಹೌಸ್ ಚಿತ್ರಶಾಲೆಯಲ್ಲಿ ಮುನ್ನೂರ ಹನ್ನೆರಡು ಚಿತ್ರಗಳಿದ್ದು, ಅವುಗಳಲ್ಲಿ ಒಂದನ್ನೂ ಗೋಡೆಗೆ ತೂಗುಹಾಕಿರಲಿಲ್ಲ ಎಂಬುದನ್ನು ಮೊದಲಿಗೇ ದಾಖಲಿಸತಕ್ಕದ್ದಾಗಿದೆ. ಮನೆ ಕಟ್ಟಿದ್ದು ೧೭೩೪ರಲ್ಲಿ. ಅದು ಸಂರಕ್ಷಿತ ಕಟ್ಟಡ, ಹೊಸ ಮೊಳೆ ಹೊಡೆಯುವುದು ಅಪರಾಧ. ಆದ್ದರಿಂದ ಚಿತ್ರಗಳೆಲ್ಲ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದವು. ಬಂದವರು ಮಂಡಿಯೂರಿ ನೋಡುತ್ತಿದ್ದರು. ಮಂಡಿನೋವಿನವರಿಗೆ ಪಕ್ಕದ ಚರ್ಚಿನವರು ಪ್ರಾರ್ಥನೆಯ ಮೆತ್ತೆಗಳನ್ನು ಎರವಲು ಕೊಟ್ಟಿದ್ದರು. ಇಪ್ಪತ್ತು ವರ್ಷದಿಂದ ಕಾರ್ಯದರ್ಶಿಯಾಗಿರುವ ನನಗೆ ಒಂದೇ ಒಂದು ದೂರು ಬಂದಿಲ್ಲ. ಒಬ್ಬ ಮುದುಕರು ಮಾತ್ರ ಮೇಲೇಳಲಾಗದೆ ಮಧ್ಯಾಹ್ನದಿಂದ ಬಾಗಿಲು ಹಾಕುವವರೆಗೂ ಹಾಗೇ ಇದ್ದರು. ಅವರೂ ಹೋಗುವಾಗ ಥ್ಯಾಂಕ್ಸ್ ಹೇಳಿಯೇ ಹೋದರು.

ಮೇಲಂತಸ್ತಿನ ಉತ್ತರದ ಕಿಟಕಿಯ ಪಕ್ಕದಲ್ಲಿ ಡೊರೀನ್ ಪಿಕರ್ಸ್‌ಗಿಲ್ ಕೂರುತ್ತಿದ್ದರು. ಸಂಬಳವಿಲ್ಲದ ಕಾವಲು. ಸ್ವೆಟರ್ ಹೆಣೆಯುತ್ತಾ, ಯಾರಾದರೂ ಚಿತ್ರ ಮುಟ್ಟಿದರೆ ಮೆಲ್ಲಗೆ ಕೆಮ್ಮುವುದು ಅವರ ಕೆಲಸ. ಕಳೆದ ವರ್ಷದ ಹಿಂದಿನ ವಸಂತದಲ್ಲಿ ಸಂರಕ್ಷಣಾಧಿಕಾರಿ ಟ್ರಸ್ಕಾಟ್ ಸಾಹೇಬರು ಮನೆಯೊಳಗಿನ ಪುರಾತನ ವಸ್ತುಗಳ ಪಟ್ಟಿ ಮಾಡಲು ಬಂದರು. ಒಲೆಗೂಡು, ಗಡಿಯಾರ, ಪರದೆ ಕೋಲು ಎಲ್ಲ ಬರೆದುಕೊಂಡು ಕಿಟಕಿಯ ಬಳಿಗೆ ಬಂದರು. ಒಂದು ವಾರದ ಮೇಲೆ ಪಟ್ಟಿ ಪ್ರಕಟವಾಯಿತು.

"ಕ್ರಮ ಸಂಖ್ಯೆ ೪೧. ಕುಳಿತ ಹೆಂಗಸು, ಹೆಣಿಗೆ ಸಹಿತ. ಉಣ್ಣೆ ಮತ್ತು ಹತ್ತಿ. ಸುಮಾರು ೧೯೪೬. ಅಲ್ಪಸ್ವಲ್ಪ ಸವೆತವಿದ್ದರೂ ಸ್ಥಿತಿ ತೃಪ್ತಿಕರ. ಸ್ವಸ್ಥಾನದಿಂದ ಕದಲಿಸತಕ್ಕದ್ದಲ್ಲ."

"ಅಲ್ಲಾ ಡೊರೀನ್, ನೀವು ಒಂದು ಮಾತು ಹೇಳ್ಬಾರ್ದಿತ್ತಾ?" ಎಂದು ಕೇಳಿದೆ.

"ಪಾಪ, ಎಷ್ಟು ಶ್ರದ್ಧೆಯಿಂದ ಬರೀತಿದ್ರು! ಮಧ್ಯೆ ಬಾಯಿ ಹಾಕೋದು ಚೆನ್ನಾಗಿರಲ್ಲ ಅಂತ ಸುಮ್ನಿದ್ದೆ."

ಟ್ರಸ್ಕಾಟರನ್ನೂ ಕೇಳಿದೆ. ಅವರು ಕಿವಿಯವರೆಗೂ ಕೆಂಪಾದರು. "ಪರಿಚಯ ಇಲ್ದಿರೋ ಹೆಂಗಸನ್ನ ಹೋಗಿ, ನಿಮಗೆ ಜೀವ ಇದೆಯಾ ಅಂತ ಕೇಳೋದು ಹೇಗ್ರೀ?"

ಇಬ್ಬರೂ ಮರ್ಯಾದಸ್ಥರು. ತಪ್ಪು ಯಾರದು ಅಂತ ಹೇಳಲಿ? ಅಚ್ಚಾದ ಪಟ್ಟಿಯನ್ನು ತಿದ್ದಲು ನಿಯಮದಲ್ಲಿ ಅವಕಾಶವಿರಲಿಲ್ಲ. ಅಂದಿನಿಂದ ಡೊರೀನ್ ದಿನಾ ಸಂಜೆ "ದುರಸ್ತಿಗಾಗಿ ತಾತ್ಕಾಲಿಕ ಹೊರಸಾಗಣೆ" ಫಾರಂ ತುಂಬಿ ಮನೆಗೆ ಹೋಗಿ, ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ವಾಪಸಾಗುತ್ತಿದ್ದರು. ಭಾನುವಾರವೂ ರಜೆಯಿಲ್ಲ. ಪುರಾತನ ವಸ್ತುವಿಗೆ ಎಲ್ಲಿಯ ಭಾನುವಾರ?

ಅಕ್ಟೋಬರಿನಲ್ಲಿ ಕಾಗದ ಬಂತು. ಡೊರೀನರ ತಂಗಿ ಬೆರಿಲ್ ದೂರದ ವಿಟ್ಬಿಯಲ್ಲಿ, ಸಮುದ್ರದ ದಂಡೆಯ ಪುಟ್ಟ ಮನೆಯಲ್ಲಿ ಒಂಟಿಯಾಗಿದ್ದವರು. ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು.

"ನನ್ನ ಬಿಟ್ರೆ ಅವಳಿಗೆ ಯಾರಿದಾರಪ್ಪಾ?" ಡೊರೀನ್ ಹೆಣಿಗೆ ಕಡ್ಡಿಯನ್ನು ಮಡಿಲಲ್ಲಿಟ್ಟರು. "ಹೋಗಿ ಅವಳ ಜೊತೇಲೇ ಇದ್ಬಿಡ್ತೀನಿ. ಸಮುದ್ರ ನೋಡ್ಕೊಂಡು ಇಬ್ರೂ ಟೀ ಕುಡೀತೀವಿ. ಯಾರಿಗಾದ್ರೂ ತೊಂದ್ರೆ ಆಗೋದಾದ್ರೆ ಮಾತ್ರ ಬೇಡ."

ನನ್ನ ಕರುಳು ಚುರಕ್ಕೆಂದಿತು. ಫಾರಮ್ಮಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲವಾದ್ದರಿಂದ ಬರೆಯಲಿಲ್ಲ.

ಅರ್ಜಿ ಹಾಕಿದೆ. ನಿಯಮದ ಪ್ರಕಾರ ಬೀದಿಯ ದೀಪದ ಕಂಬಕ್ಕೆ ಇಪ್ಪತ್ತೊಂದು ದಿನ ಪ್ರಕಟಣೆ ಅಂಟಿಸಿದೆವು: "ಸದರಿ ಹೆಂಗಸನ್ನು ತೆರವುಗೊಳಿಸುವ ಬಗ್ಗೆ ಆಕ್ಷೇಪಣೆಗಳಿದ್ದಲ್ಲಿ ಸಲ್ಲಿಸುವುದು." ಎದುರುಮನೆಯವರೊಬ್ಬರು ಸಲ್ಲಿಸಿದರು. ಆ ಕಿಟಕಿಯಲ್ಲಿ ಡೊರೀನ್ ಕಾಣದಿದ್ದರೆ ಬೀದಿಯ ಐತಿಹಾಸಿಕ ಸ್ವರೂಪ ಕೆಟ್ಟು, ತಮ್ಮ ಮನೆಯ ಬೆಲೆ ಇಳಿಯುತ್ತದಂತೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಟ್ರಸ್ಕಾಟ್ ಸಾಹೇಬರು ಹಾಗಲ್ಲ, ಒಳ್ಳೆಯ ಮನುಷ್ಯ. ಒಂದು ದಾರಿ ತೋರಿಸಿದರು. "ಅದೇ ಕಾಲದ್ದು, ಅದೇ ತಯಾರಿಕೆಯದು ಇನ್ನೊಂದನ್ನ ಅಲ್ಲಿ ಕೂರಿಸಿದ್ರೆ ಇದನ್ನ ಬಿಡಬಹುದು."

ನನ್ನ ಬಾಯಿಗಿಷ್ಟು ಮಣ್ಣು ಹಾಕ! "ಅದೇ ತಯಾರಿಕೆಯದು ಅಂದ್ರೆ ಇವರ ತಂಗಿ ಒಬ್ಬರೇ ಸಾರ್. ಅವಳಿಜವಳಿ," ಎಂದುಬಿಟ್ಟೆ.

ಸಾಹೇಬರ ಮುಖ ಅರಳಿತು. "ಮೊದ್ಲೇ ಹೇಳ್ಬಾರ್ದೇನ್ರೀ? ಹಾಗಾದ್ರೆ ಇದು ಜೋಡಿ! ಜೋಡಿ ವಸ್ತುಗಳನ್ನ ಬೇರೆ ಬೇರೆ ಇಡೋ ಹಾಗೇ ಇಲ್ಲ."

"ಅದನ್ನೇ ಅಲ್ವಾ ನಾನೂ ಹೇಳ್ತಿರೋದು!" ಎಂದರು ಡೊರೀನ್. ಜನ್ಮದಲ್ಲಿ ಮೊದಲ ಸಲ ಅವರು ಇನ್ನೊಬ್ಬರ ಮಾತಿನ ಮಧ್ಯೆ ಬಾಯಿ ಹಾಕಿದ್ದು. ಎಲ್ಲರಿಗೂ ಮುಜುಗರವಾಯಿತು. ಆಮೇಲೆ ಅವರು ಮತ್ತೆಂದೂ ಹಾಗೆ ಮಾಡಲಿಲ್ಲ.

"ಸರಿ, ಇನ್ನೊಂದನ್ನ ಇಲ್ಲಿಗೆ ತರಿಸಿ," ಎಂದರು ಸಾಹೇಬರು.

ಬಿಳಿ ಕೈಗವಸು ತೊಟ್ಟ ನಾಲ್ವರು ಬೆರಿಲ್ಲರನ್ನು ಕಂಬಳಿ ಸುತ್ತಿ, ಕುರ್ಚಿ ಸಮೇತ ಹೊತ್ತು ತಂದರು. "ಲೇ ಡೋರೀ, ನೀನು ಬರ್ತೀಯ ಅಂತ ಟೀಗೆ ನೀರಿಟ್ಟಿದ್ದೆ ಕಣೇ! ನನ್ನನ್ನೇ ಎತ್ತಾಕ್ಕೊಂಡು ಬಂದ್ರಲ್ಲೇ ಈ ಪುಣ್ಯಾತ್ಮರು!" ಎಂದು ಅವರು ಕುರ್ಚಿಯಿಂದಲೇ ಕೂಗಿದರು. ಕ್ರಮ ಸಂಖ್ಯೆ ೪೧-ಆ ಎಂದು ನಮೂದಾಯಿತು. "ಸೊಂಟದಲ್ಲಿ ಬಿರುಕಿದೆ. ಬಿರುಕನ್ನು ಮೂಲರೂಪದಲ್ಲೇ ಉಳಿಸತಕ್ಕದ್ದು." ಡಾಕ್ಟರು ಹೊರಗೇ ನಿಂತು ಕೈಚೆಲ್ಲಿದರು.

ಅಕ್ಕತಂಗಿಯರು ಒಂದಾದರು. ಆದರೂ ಡೊರೀನ್ ಕಿಟಕಿಯಾಚೆ ನೋಡಿ ಒಮ್ಮೆ, "ಸಮುದ್ರ ಒಂದು ಸಿಗಲಿಲ್ಲ, ಇರಲಿ ಬಿಡಿ," ಎಂದದ್ದು ಚಿತ್ರಶಾಲೆಯ ಸಮಿತಿಯ ಕಿವಿಗೆ ಬಿತ್ತು. ಸಮಿತಿ ಕಲ್ಲುಹೃದಯದ್ದಲ್ಲ. ವಿಟ್ಬಿಯ ಚಿತ್ರವೊಂದನ್ನು ಅವರ ಕಣ್ಣಳತೆಗೆ ತೂಗುಹಾಕತಕ್ಕದ್ದೆಂದು ಒಮ್ಮತದಿಂದ ತೀರ್ಮಾನಿಸಿ, ಒಂದು ಮೊಳೆಗೆ ಅರ್ಜಿ ಹಾಕಿತು. ಹನ್ನೊಂದು ತಿಂಗಳಲ್ಲಿ ಮಂಜೂರಾಯಿತು.

ಆ ಮನೆಗೆ ಮೊಳೆ ಬೀಳುವುದನ್ನು ನೋಡಲು ಊರಿಗೆ ಊರೇ ಸಾಲು ನಿಂತಿತ್ತು. ಮೇಯರ್ ಅಧಿಕಾರದ ಸರಪಳಿ ತೊಟ್ಟು ಬಂದು ಸುತ್ತಿಗೆಯಿಂದ ಮೂರು ಏಟು ಹಾಕಿದರು. ಚಿತ್ರ ಮೇಲೇರಿತು. ಜನ ಅಭ್ಯಾಸಬಲದಿಂದ ಮಂಡಿಯೂರಿ, ಕತ್ತು ಮೇಲೆತ್ತಿ ನೋಡಿದರು. ಚಪ್ಪಾಳೆಯ ನಡುವೆ ಬೆರಿಲ್ ಅಕ್ಕನ ಕಡೆ ಬಾಗಿದ್ದು ನನಗೆ ಕಾಣಿಸಿತು.

"ಡೋರೀ, ಇದು ವಿಟ್ಬಿ ಅಲ್ಲ ಕಣೇ. ಪಕ್ಕದೂರು ಸ್ಕಾರ್ಬರೋ."

"ಶ್! ಪಾಪ, ಒಂದು ವರ್ಷ ಒದ್ದಾಡಿ ಮೊಳೆ ಹೊಡ್ಸಿದಾರೆ. ಸುಮ್ನಿರೇ." ಡೊರೀನ್ ಕಣ್ಣೊರೆಸಿಕೊಂಡು ಮೇಯರ್ ಕಡೆ ತಿರುಗಿದರು. "ತುಂಬಾ ಚೆನ್ನಾಗಿದೆ ಸ್ವಾಮಿ. ವಿಟ್ಬಿಗೇ ಹೋದ ಹಾಗಾಯ್ತು."

ನನಗೆ ಎರಡೂ ಮಾತು ಕೇಳಿಸಿತು. ಮೇಯರ್ ಆಗಲೇ ಭಾಷಣ ಶುರುಮಾಡಿದ್ದರು. ಮಧ್ಯೆ ಬಾಯಿ ಹಾಕುವುದು ಚೆನ್ನಾಗಿರುವುದಿಲ್ಲ ಎಂದು ನಾನೂ ಸುಮ್ಮನಾದೆ.