ಬಾಗಿಲಿಗೊಂದು ಸೆರಗು

ಸೊಳ್ಳೆಗೆ ಅಂಚು ಸೆರಗು ತೋರಿಸಿ ಮರ್ಯಾದೆಯಿಂದ ವಾಪಸು ಕಳಿಸಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಒಬ್ಬ. ಅವನು ನಮ್ಮ ಸೋದರಮಾವ. ಮಾವನಿಗೆ ತಲೆ ಇಲ್ಲ ಎಂದು ದೊಡ್ಡಬಳ್ಳಾಪುರದ ನಮ್ಮ ಬೀದಿಯವರು ಹೇಳುತ್ತಿದ್ದರು. ನಾನು ಒಪ್ಪಿದವನಲ್ಲ. ಅವನಿಗಿದ್ದದ್ದು ಇಬ್ಬರಿಗಾಗುವಷ್ಟು ತಲೆ. ಅದನ್ನು ಒಬ್ಬನೇ ಹೊತ್ತು ತಿರುಗುತ್ತಿದ್ದನಾದ್ದರಿಂದ ನಡಿಗೆ ಸ್ವಲ್ಪ ಓರೆಯಾಗುತ್ತಿತ್ತು, ಅಷ್ಟೆ.

ಮಾವ ಕೈಮಗ್ಗದವನು. ಸೀರೆ ನೇಯುವುದರಲ್ಲಿ ಅವನನ್ನು ಮೀರಿಸುವವರು ನಮ್ಮ ಬೀದಿಯಲ್ಲಿ ಇರಲಿಲ್ಲ. ಸೀರೆಯೊಂದನ್ನು ಬಿಟ್ಟು ಅವನು ಕೈಹಾಕಿದ ಇನ್ನಾವ ಕೆಲಸವೂ ನೇರವಾಗಿ ಮುಗಿದ ನೆನಪು ನನಗಿಲ್ಲ. ಮಳೆಗೆ ಮನೆ ಸೋರುತ್ತದೆಂದು ಹೆಂಚು ಸರಿಮಾಡಲು ಹತ್ತಿದವನು, ಹೀಗಾದರೆ ಮಗ್ಗಕ್ಕೆ ಬೆಳಕು ಚೆನ್ನಾಗಿ ಬೀಳುತ್ತದೆಂದು ಇನ್ನೂ ಎರಡು ಹೆಂಚು ಕಿತ್ತುಕೊಂಡು ಇಳಿದಿದ್ದ. ಇಂಥವನ ಕೈಗೆ ಮೋಟಾರು ವ್ಯಾನು ಸಿಕ್ಕರೆ ಏನಾಗಬೇಡ?

ವ್ಯಾನಿನ ಕಥೆ ಶುರುವಾದದ್ದು ನಮ್ಮತ್ತೆಯ ಚಳಿಜ್ವರದಿಂದ. ಅತ್ತೆಯ ತವರು ಹೊಸಕೋಟೆಯ ಕಡೆ, ಕೆರೆಯ ದಂಡೆಯ ಒಂದು ಹಳ್ಳಿ. ಅಲ್ಲಿನ ಸೊಳ್ಳೆಗಳಿಗೆ ಮನೆಮಗಳು ಎಂಬ ದಾಕ್ಷಿಣ್ಯವೇ ಇರಲಿಲ್ಲ. ಹೋದಾಗಲೆಲ್ಲ ಮಲೇರಿಯಾ ತಗುಲಿಸಿಕೊಂಡೇ ಬರುತ್ತಿದ್ದಳು. ಕೊನೆಯ ಸಲ ಬದುಕಿದ್ದೇ ಹೆಚ್ಚು. "ಇನ್ನೊಂದು ಸಲ ಹಿಂಗಾದ್ರೆ ನನ್ನ ಕೈಲಿಲ್ಲಪ್ಪ" ಎಂದು ಡಾಕ್ಟರು ಮಾವನಿಗೆ ನೇರವಾಗಿಯೇ ಹೇಳಿಬಿಟ್ಟಿದ್ದರು.

ಆದರೆ ಈಗ ಹೋಗದೆ ಗತಿಯಿರಲಿಲ್ಲ. ಅತ್ತೆಯ ತಂಗಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ತಾಯಿಯಿಲ್ಲದ ಹುಡುಗಿ, ಸಾಕಿದವಳು ಅತ್ತೆಯೇ. ಬಾಣಂತನ ಮಾಡಲು ಅಲ್ಲಿ ಬೇರೆ ಹೆಣ್ಣುದಿಕ್ಕಿರಲಿಲ್ಲ. ತುಂಬು ಬಸುರಿಯನ್ನು ಗಾಡಿಯಲ್ಲಿ ಕುಲುಕಿಸಿಕೊಂಡು ಇಲ್ಲಿಗೆ ಕರೆತರುವಂತೆಯೂ ಇರಲಿಲ್ಲ.

"ಜ್ವರ ಬಂದ್ರೆ ಬರ್ಲಿ, ನಾನಂತೂ ಹೋಗೋಳೇ" ಎಂದಳು ಅತ್ತೆ.

"ಹೋಗು, ಯಾರ್ ಬೇಡ ಅಂದ್ರು? ಆದ್ರೆ ಒಂದು ಸೊಳ್ಳೆನೂ ನಿನ್ನ ಕಚ್ಚೋ ಹಂಗಿಲ್ಲ. ಅದು ನನ್ನ ಜವಾಬ್ದಾರಿ" ಎಂದ ಮಾವ.

ಸೊಳ್ಳೆಪರದೆ ಕಟ್ಟಿದ್ದರೆ ಆಗುತ್ತಿತ್ತಲ್ಲ ಎನ್ನುತ್ತೀರಿ. ನಾವೂ ಅಂದೆವು. ಪರದೆಯೊಳಗೆ ಮಲಗಿದರೆ ಅತ್ತೆಗೆ ಉಸಿರು ಕಟ್ಟುತ್ತಿತ್ತು. "ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟಿಟ್ಟಂಗೆ ಆಗುತ್ತೆ" ಎನ್ನುತ್ತಿದ್ದಳು. ಹಾಗಾದರೆ ಸೊಳ್ಳೆ ನುಗ್ಗದ ಕೋಣೆಯೊಂದನ್ನೇ ಅವಳ ತವರಿಗೆ ಸಾಗಿಸಿದರಾಯಿತು ಎಂದು ಮಾವ ತೀರ್ಮಾನಿಸಿದ!

ಮಹಾಯುದ್ಧ ಆಗತಾನೆ ಮುಗಿದಿತ್ತು. ಬೆಂಗಳೂರಿನಲ್ಲಿ ಮಿಲಿಟರಿಯವರು ಬೇಡವಾದ ಗಾಡಿಗಳನ್ನು ಹರಾಜು ಹಾಕುತ್ತಿದ್ದರು. ಮಾವ ಹೋಗಿ, ಗಾಯಗೊಂಡ ಸಿಪಾಯಿಗಳನ್ನು ಸಾಗಿಸುತ್ತಿದ್ದ ಒಂದು ವ್ಯಾನನ್ನು ಹಿಡಿದ. ಒಳಗೆ ಎರಡು ಬದಿಗೆ ಮಲಗುವ ಹಲಗೆ, ಕೆಳಗೆ ನಾಲ್ಕು ಚಕ್ರ, ಮುಂದೆ ಸ್ಟೀರಿಂಗು, ಹಾರನ್ನು ಎಲ್ಲವೂ ಇದ್ದವು. ಎಂಜಿನ್ ಒಂದು ಇರಲಿಲ್ಲ.

"ಎಂಜಿನ್ ಇದ್ದಿದ್ರೆ ಪೆಟ್ರೋಲ್ ಕೇಳ್ತಿತ್ತು ಕಣೋ ಅಳಿಯಾ" ಎಂದು ನನಗೆ ತಿಳಿಯಹೇಳಿದ. ನಾನು ಆಗ ಊರಿನ ಶಾಲೆಯಲ್ಲಿ ಮೇಷ್ಟ್ರು, ಊಟ ಮಾವನ ಮನೆಯಲ್ಲಿ. ಆದ್ದರಿಂದ ಇಂಥ ಪಾಠಗಳು ನನಗೆ ತುತ್ತಿನ ಜೊತೆಗೇ ಸಿಗುತ್ತಿದ್ದವು. "ಪೆಟ್ರೋಲಿಗಾದ್ರೆ ರೇಷನ್ ಕೂಪನ್ನು ಬೇಕು. ಎತ್ತಿಗೆ ಯಾವ ಕೂಪನ್ನು?"

ಮುಂದೆ ಎರಡು ಎತ್ತು ಕಟ್ಟಿ, ತಾನು ಸ್ಟೀರಿಂಗ್ ಹಿಡಿದು ಕೂತು ಬಂದ. ಜನ ಮಗ್ಗ ನಿಲ್ಲಿಸಿ ಬೀದಿಗೆ ಬಂದು ನಿಂತರು. ಮಾವನಿಗೆ ಗತ್ತು ಬಂತು, ಹಾರನ್ ಒತ್ತಿದ. ಹಿಂದಿನಿಂದ ಲಾರಿ ಬಂದರೆ ದಾರಿ ಬಿಡಬೇಕೆಂದು ಕಲಿತಿದ್ದ ಎತ್ತುಗಳು ವ್ಯಾನಿನ ಸಮೇತ ಪಕ್ಕಕ್ಕೆ ಸರಿದು ಚರಂಡಿಗೆ ಇಳಿದು ನಿಂತವು.

ಚರಂಡಿಯಿಂದ ಎತ್ತಿ ಮನೆಮುಂದೆ ನಿಲ್ಲಿಸಿದ ಮೇಲೆ ನಿಜವಾದ ಕೆಲಸ ಶುರುವಾಯಿತು. ಕಿಟಕಿಗಳಿಗೆ ಮಾವ ಹಲಗೆ ಬಡಿದ. ಹಿಂದಿನ ಬಾಗಿಲು ಮಾತ್ರ ಗಾಳಿಗೆ ಬೇಕು, ಆದರೆ ಸೊಳ್ಳೆಗೆ ಬೇಡ. ತಂತಿಬಲೆಗಾಗಿ ಬೆಂಗಳೂರಿನ ಪೇಟೆಯನ್ನೆಲ್ಲ ಅಲೆದರೂ ಸಿಗಲಿಲ್ಲ, ಯುದ್ಧದ ಕಾಲದ ಅಭಾವ ಇನ್ನೂ ತೀರಿರಲಿಲ್ಲ. ಬರಿಗೈಲಿ ಬಂದವನು ಮಗ್ಗದ ಮುಂದೆ ಎರಡು ನಿಮಿಷ ನಿಂತ. "ಥೂ, ನೇಯೋನಾಗಿ ಹುಟ್ಟಿ ಬಲೆಗೆ ಅಂಗಡಿ ಬಾಗಿಲು ಕಾಯ್ತೀನಲ್ಲ" ಎಂದು ಅವತ್ತೇ ನೂಲು ಹೂಡಿದ.

ನಾಲ್ಕು ದಿನದಲ್ಲಿ ಬಲೆ ತಯಾರಾಯಿತು. ಸೊಳ್ಳೆಯ ಮೂತಿ ತೂರದಷ್ಟು ಸಣ್ಣ ಕಣ್ಣು, ಗಾಳಿ ಆಡುವಷ್ಟು ವಿರಳ. ಅದ್ಭುತ ಕೆಲಸ. ಆದರೆ ಎರಡು ಕಡೆಯೂ ಕೆಂಪು ರೇಷ್ಮೆಯ ಅಂಚು, ತುದಿಗೆ ಒಂದು ಮೊಳದ ಸೆರಗು!

"ಮಾವ, ಬಾಗಿಲಿಗೆ ಅಂಚು ಯಾಕೆ?"

"ಅಂಚಿಲ್ದೆ ನೇಯೋಕೆ ಅದೇನು ಗೋಣಿಚೀಲವೇನೋ?"

"ಸರಿ, ಸೆರಗು?"

ಮಾವ ನನ್ನನ್ನು ಕನಿಕರದಿಂದ ನೋಡಿದ. "ಕೈ ತಾನಾಗೇ ಹೋಯ್ತು ಕಣೋ" ಎಂದು ಮೆಲ್ಲಗೆ ಹೇಳಿದ.

ಬಲೆ ಹೊಡೆಯುವ ದಿನ ವ್ಯಾನಿನ ಒಳಗೆ ನಿಂತು, ನಾಲ್ಕೂ ಕಡೆ ಒತ್ತೊತ್ತಾಗಿ ಮೊಳೆ ಬಡಿದ. ಕೊನೆಯ ಮೊಳೆ ಬಡಿದು ತಿರುಗಿದ ಮೇಲೆ, ಹೊರಗೆ ಬರುವುದು ಹೇಗೆಂಬ ಪ್ರಶ್ನೆ ಹುಟ್ಟಿತು. "ಒಳಗೆ ಯಾರೂ ಬರಕ್ಕಾಗಲ್ಲ ಅನ್ನೋದು ಗ್ಯಾರಂಟಿ ಆಯ್ತು" ಎಂದ. ಕೊನೆಗೆ ಅವನ ಮಾನ ಉಳಿಸಿದ್ದು ಆ ಸೆರಗೇ. ಕೆಳಗಿನ ಮೊಳೆಗಳನ್ನು ಕಿತ್ತು, ಸೆರಗನ್ನು ಇಳಿಬಿಟ್ಟು, ತುದಿಯ ಮಡಿಕೆಯೊಳಗೆ ಇಟ್ಟಿಗೆ ಚೂರುಗಳನ್ನು ಇಟ್ಟು ಹೊಲಿದ. ಸೆರಗೆತ್ತಿ ಒಳಗೆ ಹೋಗುವುದು, ಬಿಟ್ಟರೆ ಭಾರಕ್ಕೆ ತಾನೇ ಕೂತುಕೊಳ್ಳುವುದು. ಇದಕ್ಕಾಗಿಯೇ ಸೆರಗು ನೇಯ್ದದ್ದೆಂದು ಬೀದಿಯವರಿಗೆಲ್ಲ ಹೇಳಿದ.

ಮೊದಲ ಪರೀಕ್ಷೆಗೆ ತಾನೇ ಒಳಗೆ ಮಲಗಿದ. ಬೆಳಿಗ್ಗೆ ನಾನು ಹೋಗಿ ನೋಡಿದರೆ ಬಲೆಯ ತುಂಬ ಇರುವೆ, ಮೂಲೆಗಳಲ್ಲಿ ಜಿರಲೆ. ಪಕ್ಕದ ಮನೆಯ ಹಸು ಸೆರಗನ್ನು ನೆಕ್ಕಿ ನೆಕ್ಕಿ ಒಂದು ಕಿಂಡಿ ಮಾಡಿಕೊಂಡು, ಈಗ ಮಾವನ ಅಂಗಾಲು ನೆಕ್ಕುತ್ತಿತ್ತು.

"ಸೊಳ್ಳೆ ಬಂತಾ ಮಾವ?"

"ಒಂದೂ ಇಲ್ಲ" ಎಂದ ಹೆಮ್ಮೆಯಿಂದ.

ಸೊಳ್ಳೆಯೊಂದು ಬಿಟ್ಟು ಮಿಕ್ಕೆಲ್ಲವೂ ಬಂದಿದ್ದವು. ಆಗಿದ್ದೇನೆಂದರೆ, ಗಂಜಿ ಹಾಕದ ನೂಲನ್ನು ಮಗ್ಗಕ್ಕೇರಿಸುವ ಅಭ್ಯಾಸ ನೇಯುವವರಲ್ಲಿಲ್ಲ. ಬಲೆಯ ಕಣ್ಣುಗಳು ಸರಿಯದೆ ಗಟ್ಟಿಯಾಗಿ ನಿಲ್ಲಲೆಂದು ಮಾವ ಎರಡರಷ್ಟು ರಾಗಿ ಗಂಜಿ ಬಳಿದಿದ್ದ. ಕೀಟ ಬಾರದಿರಲೆಂದು ಬಾಗಿಲಿಗೆ ಊಟ ತೂಗುಹಾಕಿದವನು ನಮ್ಮ ಮಾವ!

ಗಂಜಿ ತೊಳೆದರೆ ನೂಲು ಸಡಿಲವಾಗಿ ಸೊಳ್ಳೆಗೆ ದಾರಿ, ಬಿಟ್ಟರೆ ಇರುವೆಗೆ ಔತಣ. ಮಾವ ಮಂಕಾಗಿ ಜಗಲಿಯ ಮೇಲೆ ಕೂತ. ಹೊಸಕೋಟೆಯಿಂದ, ಹೆರಿಗೆಗೆ ಇನ್ನು ಹೆಚ್ಚು ದಿನವಿಲ್ಲ ಎಂದು ಬೇರೆ ಹೇಳಿಕಳಿಸಿದ್ದರು. ಸಿಪಾಯಿಗಳು ನರಳಿದ ಗಾಡಿಗೆ ಕಾಲಿಡುವುದಿಲ್ಲ ಎಂದು ಅಲ್ಲಿಯವರೆಗೆ ಮುಖ ತಿರುಗಿಸಿಕೊಂಡಿದ್ದ ಅತ್ತೆ ಅವನನ್ನು ನೋಡಿದಳು, ಬಲೆಯನ್ನು ನೋಡಿದಳು.

"ಗಂಜಿಗೆ ಬೇವಿನ ಸೊಪ್ಪು ಅರೆದು ಹಾಕ್ಬಾರ್ದಾಗಿತ್ತಾ?" ಎಂದಳು. ತಾನೇ ಸೊಪ್ಪು ಅರೆದು ಬಲೆಗೆಲ್ಲ ಬಳಿದಳು, ತಾನೇ ಕಿಂಡಿಗೆ ತೇಪೆ ಹಾಕಿದಳು. ಆ ಕಹಿಯನ್ನು ಒಮ್ಮೆ ನೆಕ್ಕಿದ ಹಸು ಮತ್ತೆ ನಮ್ಮ ಮನೆಮುಂದೆ ಹಾಯಲಿಲ್ಲ. ಮೂರನೆಯ ದಿನ ಅತ್ತೆ ಸೆರಗೆತ್ತಿ ವ್ಯಾನು ಹತ್ತಿದಳು. ಎತ್ತುಗಳು ದೇವನಹಳ್ಳಿಯ ದಾರಿ ಹಿಡಿದವು. ಹಾರನ್ ಒತ್ತುವುದಿಲ್ಲವೆಂದು ಅತ್ತೆ ಮಾವನಿಂದ ಆಣೆ ಮಾಡಿಸಿಕೊಂಡಿದ್ದಳು.

ಮೂರು ವಾರ ಬಿಟ್ಟು ನಾನು ನೋಡಲು ಹೋದೆ. ಹೆಣ್ಣು ಮಗು ಹುಟ್ಟಿತ್ತು. ಅತ್ತೆ ಹಗಲೆಲ್ಲ ಮನೆಯೊಳಗೆ ಬಾಣಂತನ ಮಾಡಿ, ಸಂಜೆಯಾಗುವ ಮೊದಲೇ ತಂಗಿಯನ್ನೂ ಮಗುವನ್ನೂ ಕರೆದುಕೊಂಡು ವ್ಯಾನು ಸೇರುತ್ತಿದ್ದಳು. ಒಂದು ಸೊಳ್ಳೆಯೂ ಕಚ್ಚಿರಲಿಲ್ಲ. ನಾನು ಹೋದಾಗ ಮುಸ್ಸಂಜೆ. ವ್ಯಾನಿನ ಒಳಗೆ ಮಗುವಿನ ಸದ್ದು ಕೇಳುತ್ತಿತ್ತು. ಹೊರಗೆ, ಚಕ್ರಕ್ಕೆ ಒರಗಿ, ಕಂಬಳಿ ಹೊದ್ದು ಮಾವ ಕೂತಿದ್ದ. ಹಲ್ಲು ಕಟಕಟ ಎನ್ನುತ್ತಿತ್ತು. ಹಣೆ ಮುಟ್ಟಿದರೆ ಕೈ ಸುಟ್ಟಿತು.

"ಒಳಗೆ ಮಲಗ್ಬಾರ್ದಾ ಮಾವ?"

"ಇರೋದೇ ಎರಡು ಹಲಗೆ ಕಣೋ. ಒಂದು ಅವಳಿಗೆ, ಒಂದು ಬಾಣಂತಿಗೆ."

"ಸೊಳ್ಳೆ ಕಚ್ಚೋ ಹಂಗಿಲ್ಲ ಅಂದಿದ್ದೆ?"

"ಅವಳನ್ನ ಕಚ್ಚಲ್ಲ ಅಂತ ಮಾತು ಕೊಟ್ಟಿದ್ದೆ. ನನ್ನ ಕಚ್ಚಲ್ಲ ಅಂತ ಯಾರಿಗೆ ಕೊಟ್ಟಿದ್ದೆ? ಅವಳಿಗೆ ಹೇಳ್ಬೇಡ, ಚಳಿಗೆ ಹೊದ್ದಿದೀನಿ ಅಂದಿದೀನಿ."

ನನಗೆ ನಗು ಬರಲಿಲ್ಲ. ಅಷ್ಟು ದಿನ ನಕ್ಕಿದ್ದಕ್ಕೆ ನಾಚಿಕೆಯಾಯಿತು. ಅಷ್ಟರಲ್ಲಿ ಇಟ್ಟಿಗೆ ಚೂರುಗಳು ಒಂದಕ್ಕೊಂದು ತಾಕಿದ ಸದ್ದಾಯಿತು. ಸೆರಗೆತ್ತಿ ಅತ್ತೆ ಇಳಿದು ಬಂದಳು.

"ಒಳಕ್ಕೆ ಹೋಗೇ, ಸೊಳ್ಳೆ ಅವೆ" ಎಂದು ಮಾವ ಗದರಿದ.

ಅತ್ತೆ ಹೋಗಲಿಲ್ಲ. ಮಾವ ಆಮೇಲೆ ಕ್ವಿನೈನು ನುಂಗಿ ಚೇತರಿಸಿಕೊಂಡ, ದೇವರ ದಯೆ, ಅತ್ತೆಗೂ ಏನೂ ಆಗಲಿಲ್ಲ. ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಆ ಸಂಜೆಯೇ. ಅವಳು ಅವನ ಪಕ್ಕದಲ್ಲಿ ನೆಲದ ಮೇಲೆ ಕೂತು, ಉಟ್ಟ ಸೀರೆಯ ಸೆರಗು ಬಿಚ್ಚಿ ಅವನ ತಲೆಯ ಮೇಲಿನಿಂದ ಹೊದಿಸಿದಳು. ಮಾವ ಬೆರಳಲ್ಲಿ ಅದರ ಅಂಚನ್ನು ತಿಕ್ಕಿ ನೋಡಿದ.

"ಇದು ನಾನು ನೇದಿದ್ದೇ ಅಲ್ವೇನೇ?"

"ಇನ್ಯಾರು ನೇಯ್ತಾರೆ ನಂಗೆ?" ಎಂದು ಅತ್ತೆ ಕಂಬಳಿಯನ್ನೂ ಎಳೆದು ಹೊದಿಸಿದಳು.